ಬಾಡಿಗೆಗೆಂದು ಹಳೆಯ ಫ್ಲಾಟ್ ಕೊಳ್ಳುವಾಗ: ನೀರು ಮತ್ತು ಕರೆಂಟು



ಹಣ ಹೂಡುವುದರ ಬಗ್ಗೆ ಮಾತಾಡಿ ಎಂದಾಗ ನಾನು ಶೇರು, ಮ್ಯೂಚುವಲ್ ಫಂಡ್ ಬಿಟ್ಟು ನಲ್ಲಿ, ಸ್ವಿಚ್ಚುಗಳನ್ನು ಆರಿಸಿಕೊಂಡೆ. ನಮ್ಮಲ್ಲಿ ಅನೇಕರು ನಿವೃತ್ತಿಯ ಹಣಕ್ಕೆ ಒಂದಿಷ್ಟು ಉಳಿತಾಯ ಸೇರಿಸಿ ಡೊಂಬಿವಲಿಯಲ್ಲೋ ಮೀರಾ ರೋಡಿನಲ್ಲೋ ಹಳೆಯ ಫ್ಲಾಟ್ ಕೊಂಡು ಬಾಡಿಗೆಗೆ ಕೊಡುತ್ತೇವೆ. ಸ್ಟೇಷನ್ ಎಷ್ಟು ದೂರ, ಬಾಗಿಲು ಯಾವ ದಿಕ್ಕಿಗೆ ಎಲ್ಲ ವಿಚಾರಿಸುತ್ತೇವೆ. ಗೋಡೆಯೊಳಗೆ ಏನಿದೆ ಎಂದು ಕೇಳುವುದಿಲ್ಲ. ಬಂದ ಬಾಡಿಗೆ ಕೈಯಲ್ಲಿ ಉಳಿಯುವುದೋ ರಿಪೇರಿಗೆ ಹೋಗುವುದೋ ತೀರ್ಮಾನವಾಗುವುದು ಅಲ್ಲೇ.

ನಮ್ಮ ಸೊಸೈಟಿಯ ಕಮಿಟಿಯಲ್ಲಿ ನಾನು ಒಂಬತ್ತು ವರ್ಷ ಇದ್ದೆ. ಬಂದ ದೂರುಗಳಲ್ಲಿ ಮುಕ್ಕಾಲು ಪಾಲು ಒಂದೇ: "ಮೇಲಿನವರ ಬಾತ್‌ರೂಮಿನಿಂದ ನಮ್ಮಲ್ಲಿ ಸೋರುತ್ತಿದೆ." ಇದರ ಖರ್ಚು ಯಾರದು? ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ ಮಾದರಿ ಬೈಲಾದಲ್ಲಿ ಸ್ಪಷ್ಟವಾಗಿದೆ. ಮಳೆನೀರಿನ ಸೋರಿಕೆ, ಹೊರಗಿನ ಸಾಮಾನ್ಯ ಪೈಪು, ಡ್ರೇನೇಜ್ ಲೈನಿನ ಸೋರಿಕೆ ಸೊಸೈಟಿಯ ಖರ್ಚು. ಫ್ಲಾಟಿನೊಳಗಿನ ಟಾಯ್ಲೆಟ್, ಸಿಂಕಿನ ಸೋರಿಕೆಯೂ ಒಳಗಿನ ವಯರಿಂಗೂ ಮಾಲೀಕರದು. ನೀವು ನಿನ್ನೆ ಕೊಂಡಿದ್ದರೂ ಇವತ್ತಿನ ಮಾಲೀಕರು ನೀವೇ.

ಆದ್ದರಿಂದ ಟೋಕನ್ ಹಣ ಕೊಡುವ ಮೊದಲು ಕೆಳಗಿನ ಮನೆಯ ಬೆಲ್ ಒತ್ತಿ. "ನಿಮ್ಮ ಬಾತ್‌ರೂಮಿನ ಸೀಲಿಂಗ್ ಒಮ್ಮೆ ನೋಡಬಹುದೇ?" ಎಂದು ಕೇಳಿ. ಏಜೆಂಟನಿಗೆ ಇದು ಇಷ್ಟವಾಗುವುದಿಲ್ಲ. "ಮ್ಯಾಡಂ, ಬರೇ ಪೇಂಟ್ ಹೊಡೆದರೆ ಸಾಕು" ಎನ್ನುತ್ತಾನೆ. ಹೊಸ ಪೇಂಟಿನ ವಾಸನೆ ಬರುವ ಫ್ಲಾಟ್ ಕಂಡರೆ ನನಗಂತೂ ಸಂಶಯ ಜಾಸ್ತಿ. ಕೆಳಗಿನ ಮನೆಯಾಕೆ ಮಾತ್ರ ಹತ್ತು ನಿಮಿಷದಲ್ಲಿ ಇಪ್ಪತ್ತು ವರ್ಷದ ಕಥೆ ಹೇಳುತ್ತಾರೆ, ಚಹಾ ಕೂಡ ಕೊಡುತ್ತಾರೆ.

ಫ್ಲಾಟ್ ನೋಡಲು ನೀರು ಬಿಡುವ ಹೊತ್ತಿಗೇ ಹೋಗಿ. ಎಲ್ಲ ನಲ್ಲಿಗಳನ್ನೂ ಒಟ್ಟಿಗೆ ತೆರೆಯಿರಿ. ಹಳೆಯ ಕಟ್ಟಡಗಳಲ್ಲಿ ಜಿಐ ಪೈಪು ಒಳಗಿನಿಂದ ತುಕ್ಕು ಹಿಡಿದು ಕಿರಿದಾಗುತ್ತದೆ. ಮೊದಲ ನೀರು ಕೆಂಪಗೆ ಬಂದು, ಆಮೇಲೆ ಧಾರೆ ಸಣ್ಣಗಾದರೆ ಪೈಪು ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಕೊನೆಯ ಮಹಡಿಯಾದರೆ ಮೇಲಿನ ಟ್ಯಾಂಕ್ ತೀರಾ ಹತ್ತಿರವಿರುವುದರಿಂದಲೂ ಒತ್ತಡ ಕಡಿಮೆ ಇರುತ್ತದೆ. ಅದು ಪೈಪು ಬದಲಿಸಿದರೆ ಹೋಗುವುದಿಲ್ಲ. ಖಾಲಿ ಫ್ಲಾಟಿನಲ್ಲಿ ಬರೀ ಕೆಟ್ಟ ವಾಸನೆ ಇದ್ದರೆ ಹೆದರಬೇಡಿ. ನಹಾಣಿ ಟ್ರ್ಯಾಪಿನ ನೀರು ಒಣಗಿರಬಹುದು, ಎರಡು ಬಕೆಟ್ ನೀರು ಸುರಿದು ನೋಡಿ.

ಇನ್ನು ಕರೆಂಟು. ಸೋರಿಕೆಯಿಂದ ಹೋಗುವುದು ಹಣ, ಇದರಿಂದ ಹೋಗುವುದು ಜೀವ. ಹಳೆಯ ವಯರಿಂಗ್ ಹಾಕಿದ ಕಾಲದಲ್ಲಿ ಮನೆಗೆ ನಾಲ್ಕು ಟ್ಯೂಬ್‌ಲೈಟು, ಮೂರು ಫ್ಯಾನು ಇದ್ದವು. ಇಂದಿನ ಬಾಡಿಗೆದಾರರಿಗೆ ಏಸಿ, ಗೀಸರ್, ಮೈಕ್ರೋವೇವ್ ಎಲ್ಲ ಬೇಕು. 2 ಕಿಲೋವ್ಯಾಟ್ ಗೀಸರ್ ಒಂದೇ ಸುಮಾರು 9 ಆಂಪಿಯರ್ ಎಳೆಯುತ್ತದೆ. ಅದಕ್ಕೂ ಏಸಿಗೂ ಮೇನ್ ಬೋರ್ಡಿನಿಂದ ಬೇರೆ ಬೇರೆ ಲೈನ್ ಎಳೆಸಿ, 4 ಸ್ಕ್ವೇರ್ ಎಂಎಂ ತಾಮ್ರದ ವಯರ್ ಹಾಕಿಸಿ. ಲೈಟಿಗೆ ಒಂದೂವರೆ ಸಾಕು.

ಮೂರು ತೂತಿನ ಸಾಕೆಟ್ ಕಂಡ ಮಾತ್ರಕ್ಕೆ ಅರ್ಥಿಂಗ್ ಇದೆ ಎಂದು ತಿಳಿಯಬೇಡಿ. ಎಷ್ಟೋ ಕಡೆ ಮೂರನೆಯ ಪಿನ್ನಿನ ಹಿಂದೆ ವಯರೇ ಇರುವುದಿಲ್ಲ. ಕೆಲವು ಹಳೆಯ ಮನೆಗಳಲ್ಲಿ ಅರ್ಥ್ ವಯರನ್ನು ನೀರಿನ ಜಿಐ ಪೈಪಿಗೆ ಸುತ್ತಿರುತ್ತಾರೆ. ಅದೇ ತಪ್ಪು. ಆಮೇಲೆ ರಿನೋವೇಷನ್‌ನಲ್ಲಿ ಪ್ಲಂಬರ್ ಬಂದು ಪ್ಲಾಸ್ಟಿಕ್ಕಿನ ಸಿಪಿವಿಸಿ ಪೈಪು ಹಾಕುತ್ತಾನೆ. ಪ್ಲಾಸ್ಟಿಕ್ಕಿನಲ್ಲಿ ಕರೆಂಟು ಹರಿಯದು, ಇದ್ದ ಅರ್ಧಂಬರ್ಧ ಅರ್ಥಿಂಗೂ ಹೋಯಿತು. ಪ್ಲಂಬರ್‌ಗೆ ಅದು ಗೊತ್ತಿಲ್ಲ, ಎಲೆಕ್ಟ್ರಿಷಿಯನ್‌ಗೆ ಪೈಪು ಬದಲಾದದ್ದು ಗೊತ್ತಿಲ್ಲ. ಗೀಸರಿನ ಕಾಯಿಲ್ ಕೆಟ್ಟ ದಿನ ಬಕೆಟ್ ಹಿಡಿದು ನಿಂತ ಮಗುವಿಗೆ ಗೊತ್ತಾಗುತ್ತದೆ. ಅದಕ್ಕೇ ಇಬ್ಬರನ್ನೂ ಒಂದೇ ದಿನ ಕರೆಸಿ, ಎದುರೆದುರು ನಿಲ್ಲಿಸಿ ಮಾತಾಡಿಸಿ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದ ಮೀಟರಿನಲ್ಲಿ ಪ್ರತಿ ಸಾಕೆಟ್ಟಿನ ಅರ್ಥಿಂಗ್ ಅಳೆಸಿ.

"ಎಂಸಿಬಿ ಇದೆಯಲ್ಲ" ಎನ್ನುತ್ತಾರೆ. ಎಂಸಿಬಿ ಕಾಯುವುದು ವಯರನ್ನು, ನಿಮ್ಮನ್ನಲ್ಲ. ಮನುಷ್ಯರ ಮೈಮೂಲಕ ಕರೆಂಟು ನೆಲಕ್ಕೆ ಹರಿದಾಗ ಲೈನ್ ಕಡಿಯುವುದು 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ. ಮಾಡ್ಯುಲರ್ ಕಿಚನ್ನಿನ ಒಂದು ಡ್ರಾಯರ್ ಕಡಿಮೆಯಾದರೂ ಪರವಾಗಿಲ್ಲ, ಇದನ್ನು ಬಿಡಬೇಡಿ.

ಟೈಲ್ಸ್ ಕೂರಿಸುವ ಮೊದಲು ಎರಡು ಕೆಲಸ. ಹೊಸ ಪೈಪುಗಳಿಗೆ ಪ್ರೆಷರ್ ಟೆಸ್ಟ್ ಮಾಡಿಸಿ. ವಾಟರ್‌ಪ್ರೂಫಿಂಗ್ ಆದ ಮೇಲೆ ಬಾತ್‌ರೂಮಿನಲ್ಲಿ ಕನಿಷ್ಠ ಒಂದು ದಿನ ನೀರು ನಿಲ್ಲಿಸಿ, ಮತ್ತೆ ಕೆಳಗಿನ ಮನೆಗೆ ಹೋಗಿ ಸೀಲಿಂಗ್ ನೋಡಿ. ತೆರೆದ ಗೋಡೆಗಳ ಪಕ್ಕ ಅಳತೆ ಟೇಪ್ ಹಿಡಿದು ಫೋಟೋ ತೆಗೆದಿಡಿ. ಮುಂದೆ ಯಾರಾದರೂ ಮೊಳೆ ಹೊಡೆಯುವಾಗ ಬೇಕಾಗುತ್ತದೆ.

ಬಾಡಿಗೆದಾರರು ಕೀಲಿ ತೆಗೆದುಕೊಳ್ಳುವ ದಿನ ನೀರಿನ ಮೇನ್ ವಾಲ್ವ್ ಎಲ್ಲಿದೆ, ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿದರೆ ಏನಾಗುತ್ತದೆ ಎಂದು ನೀವೇ ತೋರಿಸಿ. ನಮ್ಮ ಲೀವ್ ಆಂಡ್ ಲೈಸೆನ್ಸ್ ಎಷ್ಟೋ ಸಲ 11 ತಿಂಗಳದ್ದು, ಹೊಸಬರು ಬಂದಾಗ ಮತ್ತೆ ತೋರಿಸಬೇಕು. ಈಗ ನಿಮ್ಮ ಪ್ರಶ್ನೆಗಳಿದ್ದರೆ ಕೇಳಿ.