ಹಾಸಿಗೆಯ ನಾಲ್ಕು ಮೂಲೆಗಳು
(ಲೂರ್ದು ಮಾತೆಯ ಹಬ್ಬದ ಪ್ರಬೋಧನೆ)



1858ರ ಫೆಬ್ರವರಿ 11ರಂದು ಮಾತೆ ಮರಿಯಮ್ಮನವರು ಲೂರ್ದಿನ ಗವಿಯಲ್ಲಿ ಬಡ ಬಾಲಕಿ ಬರ್ನದೆತ್ತಳಿಗೆ ಮೊದಲ ಬಾರಿ ದರ್ಶನವಿತ್ತರು. ಜಗದ್ಗುರು ಎರಡನೇ ಜಾನ್ ಪೌಲರು 1992ರಲ್ಲಿ ಈ ಹಬ್ಬವನ್ನೇ ವಿಶ್ವ ರೋಗಿಗಳ ದಿನವೆಂದು ಸಾರಿದರು. ಈ ದಿನ ನಾವು ರೋಗಿಗಳನ್ನು ದೇವಾಲಯದ ಮುಂದಿನ ಸಾಲಿನಲ್ಲಿ ಕೂರಿಸಿ, ಪ್ರಾರ್ಥಿಸಿ, ಆಶೀರ್ವದಿಸಿ ಮನೆಗೆ ಕಳುಹಿಸುತ್ತೇವೆ. ಆಮೇಲೆ?

ಸಂತ ಮಾರ್ಕನ ಶುಭಸಂದೇಶದ ಎರಡನೇ ಅಧ್ಯಾಯವನ್ನು ನೆನೆಯೋಣ. ಕಫೆರ್ನವುಮಿನಲ್ಲಿ ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹಾಸಿಗೆಸಮೇತ ಹೊತ್ತು ತಂದರು. ಬಾಗಿಲಲ್ಲಿ ಕಾಲಿಡಲೂ ಜಾಗವಿರಲಿಲ್ಲ. ಅವರು ಹಿಂದಿರುಗಲಿಲ್ಲ. ಮಾಳಿಗೆ ಹತ್ತಿ, ಮಾಡು ಬಿಚ್ಚಿ, ರೋಗಿಯನ್ನು ಯೇಸುಸ್ವಾಮಿಯ ಮುಂದೆ ಇಳಿಸಿದರು. ಪ್ರಭು ಮೊದಲು ಗಮನಿಸಿದ್ದು ಹೊತ್ತು ತಂದವರ ವಿಶ್ವಾಸವನ್ನು. ಹೊರುವವರಲ್ಲಿ ಒಬ್ಬನು ಕೈಬಿಟ್ಟಿದ್ದರೂ ಹಾಸಿಗೆ ವಾಲುತ್ತಿತ್ತು.

ಇಲ್ಲಿ ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಶಿಡ್ಲಘಟ್ಟದ ಕಡೆಯ ಒಬ್ಬ ತಾಯಿಗೆ ಬಾಯಿಯ ಕ್ಯಾನ್ಸರ್ ಎಂದು ತಿಳಿಯಿತು. ರೇಷ್ಮೆ ನೂಲು ತೆಗೆಯುವ ಕೆಲಸ ಅವರದು. ಭಾನುವಾರದ ಪೂಜೆಯ ನಂತರ ನಾವು ಕಾಣಿಕೆ ಎತ್ತಿದೆವು, ಲಕೋಟೆ ಕೊಟ್ಟೆವು, ಕರ್ತವ್ಯ ಮುಗಿಯಿತೆಂದುಕೊಂಡೆವು. ವಿಕಿರಣ ಚಿಕಿತ್ಸೆಯೆಂದರೆ ವಾರಕ್ಕೆ ಐದು ದಿನದಂತೆ ಆರೇಳು ವಾರ. ಮೂರನೇ ವಾರವೇ ಅವರು ನಿಲ್ಲಿಸಿಬಿಟ್ಟಿದ್ದರು. ತಡವಾಗಿ ನೋಡಲು ಹೋದಾಗ ಅವರೆಂದರು: "ದುಡ್ಡಿತ್ತು ಸ್ವಾಮಿ, ಜೊತೆಗೆ ಬರೋರು ಯಾರೂ ಇರ್ಲಿಲ್ಲ. ಬಾಯೆಲ್ಲ ಹುಣ್ಣು. ಯಾವ ಬಸ್ಸು, ಎಲ್ಲಿಳೀಬೇಕು ಅಂತ ಕೇಳೋಕೂ ಆಗ್ತಿರ್ಲಿಲ್ಲ." ಮುಂದಿನ ವರ್ಷದ ಹಬ್ಬಕ್ಕೆ ಅವರಿರಲಿಲ್ಲ. ನಾವು ಹಿಡಿದದ್ದು ಹಾಸಿಗೆಯ ಒಂದೇ ಮೂಲೆಯನ್ನು.

ಹಾಗಾದರೆ ನಾಲ್ಕು ಮೂಲೆಗಳು ಯಾವುವು?

ಮೊದಲನೆಯದು, ಜೊತೆ ಹೋಗುವುದು. ಗೌರಿಬಿದನೂರಿನಿಂದ ರೈಲಿನಲ್ಲೋ ಚಿಂತಾಮಣಿಯಿಂದ ಬಸ್ಸಿನಲ್ಲೋ ಬೆಂಗಳೂರಿಗೆ ಹೋಗಿ, ಚೀಟಿಯ ಸಾಲಿನಲ್ಲಿ ನಿಂತು, ವೈದ್ಯರು ಹೇಳಿದ್ದನ್ನು ಬರೆದುಕೊಂಡು ಬರಲು ಪದವಿ ಬೇಕಿಲ್ಲ. ಲೂರ್ದಿನಲ್ಲಿ ರೋಗಿಗಳ ಗಾಡಿಗಳನ್ನು ಎಳೆಯುವ ಸ್ವಯಂಸೇವಕರ ಸಂಘ 1885ರಿಂದಲೂ ಇದೆ. ಆ ಸೇವೆ ಮಾಡಲು ನಾವು ಫ್ರಾನ್ಸಿಗೆ ಹೋಗಬೇಕಾಗಿಲ್ಲ.

ಎರಡನೆಯದು, ರಕ್ತ. ಕ್ಯಾನ್ಸರ್ ಔಷಧಿಗಳಿಂದ ಅನೇಕರಿಗೆ ರಕ್ತದ ಪ್ಲೇಟ್‌ಲೆಟ್ ಕಣಗಳು ಇಳಿದುಹೋಗುತ್ತವೆ. ಅವನ್ನು ಸಾಮಾನ್ಯವಾಗಿ ಐದು ದಿನಕ್ಕಿಂತ ಹೆಚ್ಚು ಕೂಡಿಡಲಾಗದು. ಆದ್ದರಿಂದ ಹಬ್ಬದ ದಿನದ ಒಂದು ಶಿಬಿರ ಸಾಲದು. ಕರೆದಾಗ ಹೊರಡುವ ಯುವಕ ಯುವತಿಯರು ವರ್ಷವಿಡೀ ಬೇಕು.

ಮೂರನೆಯದು, ಹಣ. ಅದು ಸಾಲದೆಂದೆವು, ಬೇಡವೆನ್ನಲಿಲ್ಲ. ಬಡವರ ಪಾಲಿನ ಆಸರೆಯಾಗಿ 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಯ ಹೆಸರಿನ ಹಿಂದೆಯೂ ಒಬ್ಬ ದಾನಿಯಿದ್ದಾರೆ: ಕೇಂದ್ರ ಸಚಿವರಾಗಿದ್ದ ರಫಿ ಅಹ್ಮದ್ ಕಿದ್ವಾಯಿಯವರು. ಗುಣವಾಗದ ಹಂತ ತಲುಪಿದವರನ್ನು ಮಾರತ್ತಹಳ್ಳಿ ಬಳಿಯ ಕರುಣಾಶ್ರಯ 1999ರಿಂದ ಒಂದು ರೂಪಾಯಿಯನ್ನೂ ಕೇಳದೆ ಆರೈಕೆ ಮಾಡುತ್ತಿದೆ. ದಾನಿಗಳಿಲ್ಲದೆ ಅದು ಆಗದು.

ನಾಲ್ಕನೆಯದು, ಸಂಶೋಧನೆಗೆ ನೆರವು. ಅದು ದೊಡ್ಡವರ ವಿಷಯ, ನಮಗೇಕೆ ಎನ್ನಬೇಡಿ. 1980ರ ದಶಕದ ಉತ್ತರಾರ್ಧದಲ್ಲಿ ಕಿದ್ವಾಯಿಯ ತಜ್ಞರು ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಹೊಗೆಸೊಪ್ಪಿನ ಕೇಡನ್ನು ಜನರಿಗೆ ತಿಳಿಸಿ, ವರ್ಷಗಳ ನಂತರ ಮತ್ತೆ ಬಂದು ವಿಚಾರಿಸಿದರು. ತಿಳಿಸಿಹೇಳಿದ ಹಳ್ಳಿಗಳಲ್ಲಿ ಅಭ್ಯಾಸ ಕಡಿಮೆಯಾಗಿತ್ತು. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ಆಗುವ ತನಕ ನಮ್ಮ ತಾಲ್ಲೂಕುಗಳೂ ಕೋಲಾರ ಜಿಲ್ಲೆಗೇ ಸೇರಿದ್ದವು. ಆ ಅಧ್ಯಯನಕ್ಕೆ ನೆರವಾದವರು ಬಾಗಿಲು ತೆರೆದು ನಿಜ ಹೇಳಿದ ಹಳ್ಳಿಯ ಜನ. ಕಡ್ಡಿಪುಡಿ ಹಾಕುವುದನ್ನು ವೈದ್ಯರಿಂದ ಮುಚ್ಚಿಡದಿರುವುದೂ, ಆಸ್ಪತ್ರೆಯವರು ವಿವರಿಸಿ ಅನುಮತಿ ಕೇಳಿದಾಗ ಯೋಚಿಸಿ ಉತ್ತರಿಸುವುದೂ ಸಹಾಯವೇ. ಲೂರ್ದಿನಲ್ಲಿಯೂ ಗುಣವಾದೆನೆಂದು ಬಂದವರನ್ನು ಮೊದಲು ವೈದ್ಯರು ಪರೀಕ್ಷಿಸುತ್ತಾರೆ. ಧರ್ಮಸಭೆ ಅವರ ಮಾತಿಗೆ ಕಾಯುತ್ತದೆ. ವಿಶ್ವಾಸಕ್ಕೆ ವೈದ್ಯಶಾಸ್ತ್ರದ ಭಯವಿಲ್ಲ.

ಪ್ರಿಯರೇ, ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ನಾವೂ ನಾಲ್ಕು ಊರಿನವರು. ಇಂದು ದೇವಾಲಯದ ಬಾಗಿಲ ಬಳಿ ಒಂದು ಪುಸ್ತಕ ಇಟ್ಟಿದ್ದೇವೆ. ಅದರಲ್ಲಿ ನಾಲ್ಕು ಪುಟ: ಜೊತೆ ಹೋಗುವವರು, ರಕ್ತ ಕೊಡುವವರು, ಹಣ ಕೊಡುವವರು, ಮನೆಮನೆಗೆ ಹೋಗಿ ತಿಳಿವಳಿಕೆ ನೀಡುವವರು. ಮೊದಲ ಪುಟದಲ್ಲಿ ನಮ್ಮ ಹೆಸರನ್ನು ಬರೆದಿದ್ದೇವೆ. ಅದರ ಕೆಳಗೆ ಜಾಗವಿದೆ.

ರೋಗಿಗಳ ಆರೋಗ್ಯವಾದ ಲೂರ್ದು ಮಾತೆಯೇ, ಹಾಸಿಗೆ ಹಿಡಿದವರನ್ನು ಹೊರುವ ಬಲವನ್ನು ನಮಗೆ ಬೇಡಿಕೊಡಿರಿ. ಆಮೆನ್.