ಸವಳು ನೆಲಕ್ಕೆ ಗೋಧಿ ತಳಿಯ ಆಯ್ಕೆ



ಹೊಲದ ತಗ್ಗಿನ ಭಾಗ ಬೆಳ್ಳಗಾಗಿ, ಬಿತ್ತಿದ ಬೀಜ ಅಲ್ಲಲ್ಲಿ ಮಾತ್ರ ಮೊಳೆತು, ಮೊಳೆತ ಸಸಿಯೂ ಎಲೆಯ ತುದಿ ಒಣಗಿ ನಿಂತುಬಿಡುವುದು ತುಂಗಭದ್ರಾ, ಮಲಪ್ರಭಾ, ಘಟಪ್ರಭಾ, ಕೃಷ್ಣಾ ಅಚ್ಚುಕಟ್ಟಿನ ರೈತರಿಗೆ ಹೊಸದಲ್ಲ. ಸವಳು ತಡೆಯುವ ಗೋಧಿ ಬಂದಿದೆ ಎಂದು ಕೇಳಿದೊಡನೆ ಬೀಜಕ್ಕಾಗಿ ಓಡಾಡುವವರೂ ಇದ್ದಾರೆ. ಅಂಥ ತಳಿಗಳಿರುವುದು ನಿಜ. ಆದರೆ ಅವನ್ನು ಯಾವ ನೆಲದಲ್ಲಿ, ಎಷ್ಟು ಉಪ್ಪಿನಲ್ಲಿ ಪರೀಕ್ಷಿಸಿದರು ಎಂಬುದನ್ನು ತಿಳಿಯದೆ ತಂದ ಬೀಜದಿಂದ ನಷ್ಟವೇ ಹೆಚ್ಚು.

ಈ ತಳಿಗಳ ಮೂಲ ರಾಜಸ್ಥಾನದ ಪಾಲಿ ಜಿಲ್ಲೆಯ ಖಾರ್ಚಿಯಾ ಎಂಬ ನಾಟಿ ಗೋಧಿ. ಉಪ್ಪು ನೆಲದಲ್ಲಿ, ಉಪ್ಪು ಬಾವಿಯ ನೀರಿನಲ್ಲಿ ಅಲ್ಲಿಯ ರೈತರು ಬಹು ಕಾಲದಿಂದ ಬೆಳೆದು ಉಳಿಸಿಕೊಂಡು ಬಂದದ್ದು. ವಿಜ್ಞಾನಿಗಳು ಕೈಹಾಕುವ ಮೊದಲೇ ಆಯ್ಕೆಯ ಅರ್ಧ ಕೆಲಸವನ್ನು ಆ ರೈತರು ಮುಗಿಸಿದ್ದರು ಎನ್ನಬೇಕು. ಈ ವಂಶದ ಖಾರ್ಚಿಯಾ 65 ಉಪ್ಪನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಪೈರು ಎತ್ತರ, ಬೇಗ ಒರಗುತ್ತದೆ, ಕಾಳು ಕೆಂಪು, ತುಕ್ಕು ರೋಗಕ್ಕೆ ಸುಲಭವಾಗಿ ತುತ್ತಾಗುತ್ತದೆ. 1969ರಲ್ಲಿ ಪ್ರಾರಂಭವಾದ, ಹರಿಯಾಣದ ಕರ್ನಾಲದಲ್ಲಿರುವ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆಯಲ್ಲಿ ಇದನ್ನು ಹೆಚ್ಚು ಇಳುವರಿಯ ಡಬ್ಲ್ಯೂಎಲ್ 711ರೊಡನೆ ಸಂಕರಿಸಿ ಕೆಆರ್‌ಎಲ್ 1-4 ಎಂಬ ತಳಿಯನ್ನು ಪಡೆದರು. ಅದು 1990ರಲ್ಲಿ ಬಿಡುಗಡೆಯಾಯಿತು. ಮುಂದೆ 2000ದಲ್ಲಿ ಕೆಆರ್‌ಎಲ್ 19, ಆಮೇಲೆ ಕೆಆರ್‌ಎಲ್ 210 ಮತ್ತು 213 ಬಂದವು.

ಇಷ್ಟು ಕಾಲ ಹಿಡಿಯಲು ಕಾರಣವಿದೆ. ಉಪ್ಪು ನೀರಿನಲ್ಲಿ ನೆನೆಸಿದ ಕಾಗದದ ಮೇಲೆ ಬೀಜವಿಟ್ಟು ಮೊಳಕೆ ಎಣಿಸುವುದು ಅತಿ ಸುಲಭದ ಪರೀಕ್ಷೆ. ಒಂದು ವಾರದಲ್ಲಿ ನೂರಾರು ತಳಿಗಳನ್ನು ನೋಡಬಹುದು. ಆದರೆ ತಟ್ಟೆಯಲ್ಲಿ ಚೆನ್ನಾಗಿ ಮೊಳೆತ ತಳಿ ಹೊಲದಲ್ಲಿ ಕಾಳು ಕಟ್ಟುತ್ತದೆಂಬ ಭರವಸೆಯಿಲ್ಲ. ಆದ್ದರಿಂದ ಸಸಿಗಳನ್ನು ಉಪ್ಪು ದ್ರಾವಣದಲ್ಲಿ ಬೆಳೆಸಿ, ಎಲೆಯಲ್ಲಿ ಸೋಡಿಯಂ ಎಷ್ಟು ಸೇರಿತು, ಪೊಟ್ಯಾಷಿಯಂ ಎಷ್ಟು ಉಳಿಯಿತು ಎಂದು ಅಳೆಯುತ್ತಾರೆ. ಬೇರಿನ ಹಂತದಲ್ಲೇ ಸೋಡಿಯಂ ತಡೆದು ಎಲೆಗೆ ಕಡಮೆ ಬಿಡುವ ತಳಿ ಸಾಮಾನ್ಯವಾಗಿ ಹೆಚ್ಚು ಬಾಳುತ್ತದೆ. ಕೊನೆಗೆ ಕಾಳಿನ ತೂಕ ನೋಡಲೇಬೇಕು.

ಅದಕ್ಕೆ ಹೊಲಕ್ಕೆ ಹೋದರೆ ಬೇರೊಂದು ತೊಡಕು. ಸವಳು ಹೊಲದಲ್ಲಿ ಉಪ್ಪು ಒಂದೇ ಸಮನಾಗಿ ಹರಡಿರುವುದಿಲ್ಲ. ನಾಲ್ಕು ಹೆಜ್ಜೆ ಆಚೆಗೆ ಇಮ್ಮಡಿ ಇರಬಹುದು. ಒಳ್ಳೆಯ ಜಾಗದಲ್ಲಿ ಬಿದ್ದ ಸಾಧಾರಣ ತಳಿ ಮೊದಲ ಸ್ಥಾನ ಪಡೆದುಬಿಡುತ್ತದೆ. ಇದನ್ನು ತಪ್ಪಿಸಲು ಕಟ್ಟೆ ಕಟ್ಟಿದ ಸಣ್ಣ ಮಡಿಗಳಲ್ಲಿ ಬೇಕಾದಷ್ಟು ಕ್ಷಾರದ ಅಥವಾ ಉಪ್ಪಿನ ಮಣ್ಣು ತುಂಬಿ ಬೆಳೆಸುತ್ತಾರೆ. ಹೊಲದ ಪ್ರಯೋಗದಲ್ಲಾದರೆ ಗೊತ್ತಿರುವ ತಳಿಯೊಂದನ್ನು ನಡುನಡುವೆ ಮತ್ತೆ ಮತ್ತೆ ಬಿತ್ತಿ, ಅದಕ್ಕೆ ಹೋಲಿಸಿ ಉಳಿದವುಗಳ ಬೆಲೆ ಕಟ್ಟುತ್ತಾರೆ.

ಲೆಕ್ಕದಲ್ಲೂ ಮೋಸಹೋಗಬಾರದು. ಒಂದು ತಳಿ ಒಳ್ಳೆಯ ನೆಲದಲ್ಲಿ 20 ಕ್ವಿಂಟಲ್, ಸವಳಿನಲ್ಲಿ 14 ಕ್ವಿಂಟಲ್ ಕೊಟ್ಟಿತೆನ್ನಿ. ಇನ್ನೊಂದು 40 ಮತ್ತು 18 ಕೊಟ್ಟಿತೆನ್ನಿ. ನಷ್ಟದ ಪ್ರಮಾಣ ನೋಡಿದರೆ ಮೊದಲನೆಯದೇ ಗಟ್ಟಿ. ಆದರೆ ಕಣಕ್ಕೆ ಬರುವ ಕಾಳು ಎರಡನೆಯದರಲ್ಲೇ ಹೆಚ್ಚು. ಉಪ್ಪು ಇನ್ನೂ ಏರಿದರೆ ಆ ಎರಡನೆಯದು ಪೂರಾ ಕೈಕೊಡಬಹುದು. "ಸಹಿಷ್ಣು ತಳಿ" ಎಂಬ ಒಂದೇ ಮಾತಿನಿಂದ ರೈತನಿಗೆ ತಿಳಿಯುವುದು ಅಲ್ಪ.

ಉತ್ತರ ಕರ್ನಾಟಕದವರು ಗಮನಿಸಬೇಕಾದ ಅಂಶವೊಂದಿದೆ. ಚಪಾತಿ ಗೋಧಿಯಲ್ಲಿ ಸೋಡಿಯಂ ತಡೆಯುವ ಗುಣದ ಒಂದು ಭಾಗ ಅದರ ಡಿ ವರ್ಣತಂತು ಸಮೂಹದಲ್ಲಿದೆ. ರವೆಗೆ ಬಳಸುವ ಡ್ಯೂರಮ್ ಗೋಧಿಯಲ್ಲಿ ಆ ಸಮೂಹವೇ ಇಲ್ಲ. ಆದ್ದರಿಂದ ಅದು ಸಾಮಾನ್ಯವಾಗಿ ಎಲೆಗೆ ಹೆಚ್ಚು ಸೋಡಿಯಂ ಬಿಡುತ್ತದೆ. ಆಸ್ಟ್ರೇಲಿಯದ ವಿಜ್ಞಾನಿಗಳು ಹಳೆಯ ಗೋಧಿ ಜಾತಿಯೊಂದರ ಗುಣಾಣುವನ್ನು ಡ್ಯೂರಮ್‌ಗೆ ಸೇರಿಸಿ, ಸವಳು ಹೊಲದಲ್ಲಿ ಶೇಕಡ 25ರವರೆಗೆ ಹೆಚ್ಚು ಇಳುವರಿ ಪಡೆದುದನ್ನು 2012ರಲ್ಲಿ ಪ್ರಕಟಿಸಿದರು. ಅಂಥ ಡ್ಯೂರಮ್ ಬೀಜ ಕೈಗೆ ಸಿಗದಿರುವಾಗ, ಸವಳು ಪಟ್ಟಿಯಲ್ಲಿ ಡ್ಯೂರಮ್ ಬಿಟ್ಟು ಚಪಾತಿ ಗೋಧಿ ಹಾಕುವುದು ಲೇಸು.

ಈಗ ಮಣ್ಣು ಪರೀಕ್ಷೆಯ ಚೀಟಿಯ ವಿಷಯ. ಮಣ್ಣನ್ನು ನೀರಿನಿಂದ ಪೂರಾ ನೆನೆಸಿ ತೆಗೆದ ರಸದಲ್ಲಿ ವಿದ್ಯುತ್ ವಾಹಕತೆ 6 ಡೆಸಿಸೀಮನ್ ದಾಟಿದ ಮೇಲೆ, ಪ್ರತಿ ಅಂಶಕ್ಕೆ ಗೋಧಿ ಇಳುವರಿ ಶೇಕಡ 7ರಷ್ಟು ಇಳಿಯುತ್ತದೆಂದು ಅಮೆರಿಕದ ಮಾಸ್ ಮತ್ತು ಹಾಫ್‌ಮನ್ 1977ರಲ್ಲಿ ಲೆಕ್ಕ ಕೊಟ್ಟಿದ್ದಾರೆ. ಆದರೆ ಅನೇಕ ಪ್ರಯೋಗಾಲಯಗಳಲ್ಲಿ ಒಂದು ಭಾಗ ಮಣ್ಣಿಗೆ ಎರಡೂವರೆ ಭಾಗ ನೀರು ಬೆರೆಸಿ ಅಳೆಯುತ್ತಾರೆ. ನೀರು ಹೆಚ್ಚಾದಷ್ಟು ಅಂಕಿ ತಗ್ಗುತ್ತದೆ. ಆ ಚೀಟಿಯಲ್ಲಿ 2 ಎಂದಿದ್ದರೆ "ಆರಕ್ಕಿಂತ ಬಹಳ ಕಡಮೆ" ಎಂದು ನೆಮ್ಮದಿಯಿಂದ ಕೂರುವಂತಿಲ್ಲ. ನೆಲ ಆಗಲೇ ಸವಳಾಗಿರಬಹುದು. ಯಾವ ವಿಧಾನದಿಂದ ಅಳೆದರು ಎಂದು ಕೇಳಿಕೊಳ್ಳಿ. ರಸಸಾರ 8.5 ದಾಟಿ, ನೀರು ಹಾಯಿಸಿದ ಮೇಲೆ ದಿನಗಟ್ಟಲೆ ಇಂಗದೆ ನಿಲ್ಲುವ ನೆಲ ಬೇರೆಯದೇ ರೋಗ, ಅದು ಕರಲು. ಅದಕ್ಕೆ ಜಿಪ್ಸಂ ಬೇಕು. ಜವಳು ಹಿಡಿದ ನೆಲಕ್ಕೆ ಬಸಿಗಾಲುವೆ ಬೇಕು. ಬೇರಿಗೆ ಗಾಳಿಯಾಡದಿದ್ದರೆ ಉಪ್ಪು ತಡೆಯುವ ತಳಿಯೂ ಸೋಡಿಯಂ ಅನ್ನು ತಡೆಯಲಾರದು.

ಕರ್ನಾಲದ ತಳಿಗಳು ಉತ್ತರದ ದೀರ್ಘ ಚಳಿಗೆ ಹೊಂದಿದವು. ಕರ್ನಾಟಕದ ಚಳಿ ಅಲ್ಪ ಕಾಲದ್ದು. ಆದಕಾರಣ ಮೊದಲ ವರ್ಷ ಇಡೀ ಹೊಲಕ್ಕೆ ಹಾಕದೆ, ಧಾರವಾಡದ ಡಿಡಬ್ಲ್ಯೂಆರ್ 162 ಅಥವಾ ನಿಮ್ಮಲ್ಲಿ ರೂಢಿಯಲ್ಲಿರುವ ತಳಿಯ ಪಕ್ಕದಲ್ಲಿ ಕೆಲವು ಸಾಲುಗಳನ್ನು ಬಿತ್ತಿ ನೋಡಿ. ಸಾಲುಗಳು ಒಳ್ಳೆಯ ಬದಿಯಿಂದ ಸವಳು ಬದಿಗೆ ಉದ್ದಕ್ಕೆ ಹಾಯಲಿ; ಆಗ ಪ್ರತಿ ತಳಿಯೂ ಎರಡು ಬಗೆಯ ನೆಲವನ್ನೂ ಕಾಣುತ್ತದೆ. ಮೊಳಕೆ ಕಡಮೆ ಬರುವ ಕಾರಣ ಬೀಜವನ್ನು ಕಾಲು ಭಾಗ ಹೆಚ್ಚಿಗೆ ಹಾಕಿ. ನೀರನ್ನು ತೆಳ್ಳಗೆ, ಬೇಗ ಬೇಗ ಕೊಡಿ. ಒಳ್ಳೆಯ ಬದಿ, ನಡು, ಸವಳು ಬದಿ ಈ ಮೂರು ಕಡೆಯಿಂದ ಮಣ್ಣನ್ನು ಬೇರೆ ಬೇರೆ ತೆಗೆದು ಪರೀಕ್ಷೆಗೆ ಕಳಿಸಿ. ಕೊಯ್ಲಿನಲ್ಲಿ ಅದೇ ಮೂರು ಕಡೆ, ಪ್ರತಿ ತಳಿಯಲ್ಲೂ, ಒಂದೊಂದು ಚದರ ಮೀಟರ್ ಅಳೆದು ಕೊಯ್ದು, ಬೇರೆ ಬೇರೆಯಾಗಿ ಬಡಿದು ತೂಗಿ. ಒಂದು ಚದರ ಮೀಟರಿಗೆ 100 ಗ್ರಾಂ ಕಾಳು ಬಂದರೆ ಎಕರೆಗೆ ಸುಮಾರು 4 ಕ್ವಿಂಟಲ್ ಲೆಕ್ಕ.