ಹಗೇವು ಮತ್ತು ಹಿಮ



ಮಲಪ್ರಭೆಯ ದಂಡೆಯಲ್ಲಿ ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಸ್ಥಾಪಿಸಿದ ಶಿವಯೋಗ ಮಂದಿರದ ನೆರೆಯ ಹಳ್ಳಿಯೊಂದು ನನ್ನ ಹುಟ್ಟೂರು. ನಮ್ಮ ಮನೆಗೆ ಕಲ್ಲಿನ ದಪ್ಪ ಗೋಡೆ, ಮಣ್ಣಿನ ಮಾಳಿಗೆ. ಅಂಗಳದಲ್ಲಿ ಜೋಳ ತುಂಬುವ ಹಗೇವು. ಬರಿದಾದ ಹಗೇವಿನ ಬಾಯಿ ತೆರೆದು, ಗಾಳಿಯಾಡಿದ ಮೇಲೆ ಇಳಿದರೆ ವೈಶಾಖದಲ್ಲಿ ಮೈ ತಂಪಾಗುತ್ತಿತ್ತು. ಮಾಗಿಯ ಬೆಳಗಿನಲ್ಲಿ ಬೆಚ್ಚಗಾಗುತ್ತಿತ್ತು. "ಭೂಮಿತಾಯಿ ಹೊಟ್ಟಿಗೆ ಬಿಸಲೂ ಇಲ್ಲ, ಥಂಡೀನೂ ಇಲ್ಲ" ಎನ್ನುತ್ತಿದ್ದಳು ನನ್ನವ್ವ.

ಆ ಮಾತು ನೆನಪಾದದ್ದು ದೂರದ ಸ್ವೀಡನ್ನಿನಲ್ಲಿ. ಸ್ಟಾಕ್‌ಹೋಮಿನ ಹತ್ತಿರ ನೆಲೆಸಿರುವ ಮಗ, ಎಣ್ಣೆಯ ಒಲೆಯನ್ನು ತೆಗೆಸಿ, ಉಳಿತಾಯದ ಬಹುಪಾಲನ್ನು ಅಂಗಳದ ಒಂದು ಕೊಳವೆಬಾವಿಗೆ ಸುರಿದಿದ್ದ. ಆಳ 180 ಮೀಟರು. ಆದರೆ ಅದು ನೀರಿಗಾಗಿ ಅಲ್ಲ, ಶಾಖಕ್ಕಾಗಿ!

ಮೇಲೆ ಹಿಮ ಬಿದ್ದಿದ್ದರೂ ಅಲ್ಲಿನ ಬಂಡೆಯ ಆಳದಲ್ಲಿ ವರ್ಷವಿಡೀ ಸುಮಾರು 8 ಡಿಗ್ರಿ ಉಷ್ಣವಿರುತ್ತದೆ. ಕೊಳವೆಯೊಳಗೆ ನೀರು ಮತ್ತು ಮದ್ಯಸಾರದ ಮಿಶ್ರಣ ಇಳಿದು, ತುಸು ಶಾಖವನ್ನು ಹೊತ್ತು ಮೇಲೇರುತ್ತದೆ. ಮನೆಯ ಮೂಲೆಯಲ್ಲಿ ಕಪಾಟಿನಷ್ಟು ಗಾತ್ರದ ಯಂತ್ರವೊಂದಿದೆ. ಅದರೊಳಗೆ ಅತಿ ಕಡಿಮೆ ಉಷ್ಣದಲ್ಲೇ ಆವಿಯಾಗುವ ದ್ರವವು ಆ ಶಾಖವನ್ನು ಹೀರುತ್ತದೆ; ಕಂಪ್ರೆಸರ್ ಆ ಆವಿಯನ್ನು ಒತ್ತಿದಾಗ ಅದು ಕಾದು, ಮನೆಯನ್ನು ಬೆಚ್ಚಗಿಡುವ ನೀರಿಗೆ ಶಾಖವನ್ನು ಕೊಡುತ್ತದೆ. ರೆಫ್ರಿಜರೇಟರು ಒಳಗಿನ ಶಾಖವನ್ನು ತನ್ನ ಬೆನ್ನಿನಿಂದ ಹೊರದೂಡುವುದಿಲ್ಲವೆ? ಅದೇ ವಿದ್ಯೆ. 1852ರಲ್ಲಿಯೇ ಲಾರ್ಡ್ ಕೆಲ್ವಿನ್ ಇಂಥ ಯಂತ್ರದ ಸಾಧ್ಯತೆಯನ್ನು ತೋರಿಸಿದ್ದರು. ಒಂದು ಪಾಲು ವಿದ್ಯುತ್ತಿಗೆ ಮೂರು ಪಾಲಿನಷ್ಟು ಶಾಖ ದೊರೆಯುತ್ತದೆ. ಹೆಚ್ಚಿನದು ನೆಲದ ಕೊಡುಗೆ.

ಆದರೆ ನೆಲವೂ ಅಕ್ಷಯಪಾತ್ರೆಯಲ್ಲ. ಬಾವಿಯ ಆಳ ಮನೆಯ ಬೇಡಿಕೆಗೆ ಸಾಲದಿದ್ದರೆ ಸುತ್ತಲಿನ ಬಂಡೆ ವರ್ಷದಿಂದ ವರ್ಷಕ್ಕೆ ತಣಿಯುತ್ತದೆ. ಆದುದರಿಂದ ಮಗ ಮೊದಲು ಕಿಟಕಿ, ಮಾಡುಗಳ ಸಂದುಗಳನ್ನು ಮುಚ್ಚಿಸಿದ್ದ; ಬಾವಿಯ ಮಾತು ಆಮೇಲಿನದು.

"ಇದು ನಮ್ಮ ಹಗೇವಿನ ಗುಣವೇ ಅಲ್ಲವೇನೋ ತಮ್ಮಾ?" ಎಂದೆ.

ಅವನು ನಕ್ಕು, "ಅಪ್ಪಾ, ನಮ್ಮ ಹಗೇವು ಇನ್ನೂ ಐತೇನು?" ಎಂದು ಕೇಳಿದ.

ನನಗೆ ಉತ್ತರ ಹೊರಡಲಿಲ್ಲ. ಹದಿನೈದು ವರ್ಷಗಳ ಹಿಂದೆ ಮಾಳಿಗೆಯನ್ನು ಕೆಡವಿ ಸಿಮೆಂಟಿನ ಸ್ಲ್ಯಾಬು ಹಾಕಿಸಿದವನು, ಕೆಡವಿದ ಅದೇ ಮಣ್ಣಿನಿಂದ ಹಗೇವನ್ನು ಮುಚ್ಚಿಸಿದವನು ನಾನೇ. ಇಂದು ಬೇಸಗೆಯ ರಾತ್ರಿ ಆ ಸ್ಲ್ಯಾಬಿನ ಕೆಳಗೆ ಫ್ಯಾನು ತಿರುಗುತ್ತಿದ್ದರೂ ನಿದ್ರೆ ಬಾರದು. ಅವರು ದುಡ್ಡು ಸುರಿದು ನೆಲದ ಸ್ನೇಹವನ್ನು ಗಳಿಸಿದರು. ನಾನು ದುಡ್ಡು ಕೊಟ್ಟು ಅದನ್ನು ಕಳೆದುಕೊಂಡೆ.

ದನದ ಕೊಟ್ಟಿಗೆಯ ಮಾಳಿಗೆಯೊಂದು ಉಳಿದಿದೆ. ಈ ಸಲ ಮಳೆಗೆ ಮುನ್ನ ಅದಕ್ಕೆ ಹೊಸ ಮಣ್ಣು ಹೊದಿಸಿದ್ದೇನೆ. ಮಧ್ಯಾಹ್ನ ನನ್ನ ಹಾಸಿಗೆಯೂ ಈಗ ಅಲ್ಲಿಯೇ.